ಡೆಬಿಯನ್‌ನಲ್ಲಿ ಸುಡೊ ಕೆಲಸ ಮಾಡುತ್ತಿಲ್ಲ, ಅಡ್ಮಿನ್ ಅನುಮತಿ ಪಡೆಯುವುದು ಹೇಗೆ?

ಡೆಬಿಯನ್ ಲಿನಕ್ಸ್ ಇನ್‌ಸ್ಟಾಲ್ ಮಾಡುವಾಗ ರೂಟ್ (ಎಲ್ಲ ಅಧಿಕಾರವಿರುವ ಅಡ್ಮಿನ್ ಖಾತೆ) ಪಾಸ್‌ವರ್ಡ್ ಕೊಟ್ಟೆ, ಈಗ ಸುಡೊ (ಅಡ್ಮಿನ್ ಅನುಮತಿಯಲ್ಲಿ ಕೆಲಸ ಮಾಡಿಸುವ ಕಮಾಂಡ್) ಹೊಡೆದರೆ ‘ನಿಮ್ಮ ಹೆಸರು ಸುಡೋಯರ್ಸ್ ಫೈಲಿನಲ್ಲಿಲ್ಲ’ ಅಂತ ಬರುತ್ತಿದೆ ಎಂದು ಬರೆದಿದ್ದೀರಿ. ಸುಡೊ ಬಳಸಲು ಯಾರಿಗೆ ಅನುಮತಿ ಎಂದು ಹೇಳುವ ಫೈಲ್ ಅದು. ಕಾರಣ ಆ ಪಾಸ್‌ವರ್ಡೇ. ಅದನ್ನು ಖಾಲಿ ಬಿಟ್ಟಿದ್ದರೆ ಡೆಬಿಯನ್ ಇನ್‌ಸ್ಟಾಲರ್ ರೂಟ್ ಖಾತೆಯನ್ನು ಲಾಕ್ ಮಾಡಿ, ನಿಮ್ಮ ಖಾತೆಯನ್ನು ಸುಡೊ ಗ್ರೂಪಿಗೆ ಸೇರಿಸುತ್ತಿತ್ತು. ಉಬುಂಟುವಿನಲ್ಲಿ ಇದು ತಾನಾಗಿಯೇ ಆಗುವುದರಿಂದ ಅಲ್ಲಿನ ಪಾಠಗಳು ನಿಮಗೆ ಹೊಂದುತ್ತಿಲ್ಲ.

ಟರ್ಮಿನಲ್ ತೆರೆದು ಎಸ್‌ಯು, ಒಂದು ಸ್ಪೇಸ್, ಒಂದು ಹೈಫನ್ ಟೈಪ್ ಮಾಡಿ, ರೂಟ್ ಪಾಸ್‌ವರ್ಡ್ ಕೊಡಿ. ಹೈಫನ್ ಬಿಡಬೇಡಿ. ಬಿಟ್ಟರೂ ರೂಟ್ ಆಗುತ್ತೀರಿ, ಆದರೆ 2019ರ ಡೆಬಿಯನ್ 10ರಿಂದೀಚೆಗೆ ಪಾತ್ (ಕಮಾಂಡ್‌ಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ) ಮಾತ್ರ ಹಳೇ ಬಳಕೆದಾರನದ್ದೇ ಉಳಿಯುತ್ತದೆ. ಹಲವು ಅಡ್ಮಿನ್ ಕಮಾಂಡ್‌ಗಳಿಗೆ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಸಿಗುತ್ತದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ತೆರೆಯ ಮೇಲೆ ಚುಕ್ಕೆಯೂ ಮೂಡುವುದಿಲ್ಲ, ಕೀಬೋರ್ಡ್ ಕೆಟ್ಟಿಲ್ಲ.

ಪ್ರಾಂಪ್ಟ್‌ನ ಕೊನೆಯಲ್ಲಿ ಡಾಲರ್ ಚಿಹ್ನೆ ಹೋಗಿ ಹ್ಯಾಶ್ ಬಂದರೆ ನೀವು ರೂಟ್. ಈಗ ‘ಆ್ಯಡ್‌ಯೂಸರ್ ರವಿ ಸುಡೊ’ ಕೊಡಿ: ಮೊದಲ ಪದ ಒಂದೇ, ನಡುವೆ ಸ್ಪೇಸ್ ಇಲ್ಲ, ರವಿ ಇರುವ ಕಡೆ ನಿಮ್ಮ ಲಾಗಿನ್ ಹೆಸರು, ಎಲ್ಲವೂ ಇಂಗ್ಲಿಷ್ ಸಣ್ಣಕ್ಷರ. ಬಹಳ ಕಡೆ ಇದಕ್ಕೆ ಯೂಸರ್‌ಮಾಡ್ ಎಂಬ ಇನ್ನೊಂದು ಕಮಾಂಡ್ ಹೇಳಿಕೊಡುತ್ತಾರೆ. ನಾನು ಹೇಳುವುದಿಲ್ಲ. ಅದರಲ್ಲಿ ದೊಡ್ಡ ಜಿ ಜೊತೆಗೆ ಸಣ್ಣ ಎ ಹಾಕಲು ಮರೆತರೆ ಆಡಿಯೊ, ವಿಡಿಯೊ ಮುಂತಾದ ಉಳಿದ ಹೆಚ್ಚುವರಿ ಗ್ರೂಪುಗಳಿಂದೆಲ್ಲ ನಿಮ್ಮನ್ನು ತೆಗೆದುಹಾಕಿಬಿಡುತ್ತದೆ. (ಫೆಡೊರಾ ಎಂಬ ಇನ್ನೊಂದು ಲಿನಕ್ಸ್‌ನಲ್ಲಾದರೆ ಸುಡೊ ಗ್ರೂಪಿನ ಬದಲು ಇರುವುದು ವೀಲ್.)

ಇಷ್ಟಾದ ಮೇಲೂ ಅದೇ ಎರರ್ ಬಂದರೆ ಗಾಬರಿ ಬೇಡ. ಗ್ರೂಪುಗಳ ಪಟ್ಟಿ ಓದಿಕೊಳ್ಳುವುದು ಲಾಗಿನ್ ಸಮಯದಲ್ಲಿ ಮಾತ್ರ. ಟರ್ಮಿನಲ್ ಮುಚ್ಚಿ ತೆರೆದರೆ ಸಾಲದು, ಲಾಗ್‌ಔಟ್ ಆಗಿ ಬನ್ನಿ. ರೀಸ್ಟಾರ್ಟ್ ಮಾಡಿದರೆ ಅನುಮಾನವೇ ಇಲ್ಲ. ಆಮೇಲೆ ‘ಗ್ರೂಪ್ಸ್’ ಎಂದು ಹೊಡೆದರೆ ಪಟ್ಟಿಯಲ್ಲಿ ಸುಡೊ ಕಾಣಬೇಕು. ಇನ್ನು ಮುಂದೆ ಸುಡೊ ಕೇಳುವುದು ನಿಮ್ಮ ಪಾಸ್‌ವರ್ಡ್, ರೂಟ್‌ನದ್ದಲ್ಲ. ಒಮ್ಮೆ ಕೊಟ್ಟರೆ ಆ ಟರ್ಮಿನಲ್‌ನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ.

ಮುಂದೆ ಖಂಡಿತ ಎದುರಾಗುವ ಒಂದು ತೊಡಕು: ಸುಡೊ ಹಾಕಿ ಎಕೊ (ಕೊಟ್ಟ ಪಠ್ಯವನ್ನು ಹೊರಡಿಸುವ ಕಮಾಂಡ್) ಮಾಡಿ, ಬಾಣದ ಗುರುತಿನಿಂದ (>) ಸಿಸ್ಟಂ ಫೈಲಿಗೆ ಬರೆಯಹೋದರೆ ‘ಪರ್ಮಿಷನ್ ಡಿನೈಡ್’. ಬಾಣ ನೋಡಿ ಫೈಲ್ ತೆರೆಯುವುದು ನಿಮ್ಮ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದಿ ನಡೆಸುವ ಪ್ರೋಗ್ರಾಂ). ಅದಕ್ಕೆ ರೂಟ್ ಅನುಮತಿ ಇಲ್ಲ, ಸುಡೊ ಅನ್ವಯಿಸಿದ್ದು ಎಕೊಗೆ ಮಾತ್ರ. ಎಕೊ ಮಾಡಿದ್ದನ್ನು ಪೈಪ್ (|) ಮೂಲಕ, ಬಂದದ್ದನ್ನು ಫೈಲಿಗೆ ಬರೆಯುವ ‘ಸುಡೊ ಟೀ’ಗೆ ಕಳಿಸಿ. ಹಳೆಯದನ್ನು ಉಳಿಸಿಕೊಂಡು ಕೊನೆಗೆ ಸೇರಿಸುವುದಿದ್ದರೆ ಟೀ ಆದ ಮೇಲೆ ಹೈಫನ್ ಎ ಇರಲಿ, ಇಲ್ಲದಿದ್ದರೆ ಫೈಲಿನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ.

ಸುಡೋಯರ್ಸ್ ಫೈಲನ್ನು ನೇರವಾಗಿ ಎಡಿಟರ್‌ನಲ್ಲಿ ತೆರೆಯಬೇಡಿ. ‘ವಿಸುಡೊ’ ಬಳಸಿದರೆ ಸೇವ್ ಆಗುವ ಮೊದಲೇ ವ್ಯಾಕರಣ ತಪ್ಪು ಹಿಡಿಯುತ್ತದೆ.

ರೂಟ್ ಪಾಸ್‌ವರ್ಡೂ ಮರೆತಿದ್ದರೆ: ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ಇ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನಲ್ಲಿ ಆರ್‌ಒ ಇರುವುದನ್ನು ಆರ್‌ಡಬ್ಲ್ಯೂ ಮಾಡಿ, ಸಾಲಿನ ಕೊನೆಗೆ ‘ಇನಿಟ್’, ಸಮ ಚಿಹ್ನೆ, ‘ಸ್ಲ್ಯಾಶ್ ಬಿನ್ ಸ್ಲ್ಯಾಶ್ ಬ್ಯಾಶ್’ ಸೇರಿಸಿ ಕಂಟ್ರೋಲ್ ಎಕ್ಸ್. ಬರುವ ಶೆಲ್‌ನಲ್ಲಿ ‘ಪಾಸ್‌ಡಬ್ಲ್ಯೂಡಿ’ ಕೊಟ್ಟು ಹೊಸ ಪಾಸ್‌ವರ್ಡ್ ಇಟ್ಟು, ‘ಸಿಂಕ್’ ಮಾಡಿ, ‘ರೀಬೂಟ್ ಹೈಫನ್ ಎಫ್’ ಹೊಡೆಯಿರಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ಅದರ ಪಾಸ್‌ಫ್ರೇಸ್ ಬೇಕೇ ಬೇಕು. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಇದ್ಯಾವುದೂ ಬೇಡ, ಐಟಿಯವರನ್ನು ಕೇಳಿ.