ಉಮಾಶ್ರೀ ಬರೀ ಹಾಸ್ಯನಟಿಯೇ? ಯಾವುದರಿಂದ ನೋಡಲು ಶುರುಮಾಡಬೇಕು?

ಹಾಸ್ಯನಟ ಎನ್.ಎಸ್. ರಾವ್ ಜೋಡಿಯಾಗಿ ನಗಿಸುತ್ತಿದ್ದ ಉಮಾಶ್ರೀಗೆ ರಾಷ್ಟ್ರಪ್ರಶಸ್ತಿ ಹೇಗೆ ಬಂತು ಅಂತ ಕೇಳಿದ್ದೀರಿ. ಬರೀ ಸಿನಿಮಾ ಪಟ್ಟಿ ನೋಡಿದರೆ ಇದು ಒಗಟೇ. ನಾಟಕದಿಂದ ಲೆಕ್ಕ ಹಾಕಿ, ಬಿಡಿಸಿಕೊಳ್ಳುತ್ತೆ.

ದೇವನೂರ ಮಹಾದೇವರ ಕಿರುಕಾದಂಬರಿ 'ಒಡಲಾಳ'ವನ್ನು ನಿರ್ದೇಶಕ ಸಿಜಿಕೆ ರಂಗಕ್ಕೆ ತಂದಾಗ ಅದರ ಮುದುಕಿ ಸಾಕವ್ವ ಆದವರು ಇವರು. ವಯಸ್ಸಿನಲ್ಲಿ ಸಾಕವ್ವನ ಮಗಳಾಗಬಹುದಿತ್ತು. ಎಳೆಯ ನಟಿಯರು ಮುದುಕಿಯ ಪಾತ್ರದಲ್ಲಿ ಎಡವೋದು ಸಾಮಾನ್ಯವಾಗಿ ಎರಡು ಕಡೆ: ದನಿ ನಡುಗಿಸ್ತಾರೆ, ಸೊಂಟ ಬಗ್ಗಿಸ್ತಾರೆ. ಬಗ್ಗಿದರೆ ಹೊಟ್ಟೆ ಒತ್ತಿ ಉಸಿರು ಮೋಟಾಗುತ್ತೆ, ಮಾತಿನ ಕೊನೆ ಹಿಂದಿನ ಸಾಲಿಗೆ ಮುಟ್ಟೋದಿಲ್ಲ. ಸಾಕವ್ವನ ಹುಂಜ ಕಳೆದಿದೆ, ಊರನ್ನೆಲ್ಲ ವಿಚಾರಿಸಿಕೊಳ್ಳಬೇಕು. ಉಸಿರಿಲ್ಲದೆ ಅಷ್ಟು ಬೈಗುಳ ಎಲ್ಲಿಂದ ಬರಬೇಕು? ಇಂಥ ಪಾತ್ರಕ್ಕೆ ಮುಪ್ಪು ಮಂಡಿಯಲ್ಲಿ, ಪಾದ ಎತ್ತಿಡೋದರಲ್ಲಿ ಇರಬೇಕು. ಎದೆ ತೆರೆದೇ ಇರಬೇಕು. 1995ರ 'ಪುಟ್ನಂಜ'ದಲ್ಲಿ ರವಿಚಂದ್ರನ್‌ಗೆ ಅಜ್ಜಿಯಾದಾಗಲೂ ಉಮಾಶ್ರೀಗೆ ನಲವತ್ತು ತುಂಬಿರಲಿಲ್ಲ. ಆ ಅಜ್ಜಿ ಪುಟ್ಮಲ್ಲಿಯ ಬೇರು ಸಾಕವ್ವನಲ್ಲಿದೆ ಅನ್ನೋದು ನನ್ನ ಲೆಕ್ಕ.

ನಡುವೆ ಆದದ್ದೇನು? ಕಾಶಿನಾಥರ ಸಿನಿಮಾ 'ಅನುಭವ' (1984) ಹೆಸರು ತಂದಿತು, ಅದೇ ಒಂದು ಅಚ್ಚಿಗೂ ಹಾಕಿತು. ಆಮೇಲೆ ಬಂದ ಪಾತ್ರಗಳಲ್ಲಿ ದ್ವಂದ್ವಾರ್ಥದ ಮಾತೇ ಜಾಸ್ತಿ. ತಪ್ಪು ನಟಿಯದಲ್ಲ ಬಿಡಿ, ಬರೆದವರದು.

ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (ಬಿಡುಗಡೆ 2008), ವೈದೇಹಿಯವರ ಕಥೆ ಆಧರಿಸಿದ್ದು, ಅಚ್ಚು ಮುರಿಯಿತು. ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿ, ಗಂಡ ಬಿಟ್ಟುಹೋದ ಮುಸ್ಲಿಂ ಹೆಂಗಸು, ಸಿನಿಮಾ ಹುಚ್ಚಿನವಳು. ಹೆರಿಗೆ ಮಾಡಿಸಿದ ಋಣಕ್ಕೆ ಮನೆಗೆ ಟೀವಿ, ಡಿಶ್ ಬರುತ್ತೆ. ಟೀವಿ ನೋಡಲು ಬಂದ ಹೆಂಗಸರಲ್ಲಿ ಕೆಲವರು ಒಳಗೆ ಕೂರ್ತಾರೆ, ಕೆಲವರು ಹೊಸಿಲು ದಾಟದೆ ಹೊರಗಿನಿಂದಲೇ ಇಣುಕ್ತಾರೆ. ಆ ದೃಶ್ಯಗಳಲ್ಲಿ ಟೀವಿ ಕಡೆ ನೋಡಬೇಡಿ, ಗುಲಾಬಿಯ ಮುಖ ನೋಡಿ. 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಬಂದದ್ದು ಈ ಪಾತ್ರಕ್ಕೆ.

ರಾಜಕೀಯ ಬೇರೆಯದೇ ಅಧ್ಯಾಯ: 2013ರಲ್ಲಿ ತೇರದಾಳದಿಂದ ಗೆದ್ದು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಇಲಾಖೆಗಳ ಸಚಿವೆಯಾದರು. ಈಗಿನ ಹುಡುಗರಿಗೆ ಗೊತ್ತಿರೋದು 2021ರ ಕೊನೆಯಲ್ಲಿ ಶುರುವಾದ 'ಪುಟ್ಟಕ್ಕನ ಮಕ್ಕಳು' ಧಾರಾವಾಹಿಯ ಮೆಸ್ ನಡೆಸುವ ಪುಟ್ಟಕ್ಕ. ಧಾರಾವಾಹಿಯಲ್ಲಿ ಕ್ಯಾಮೆರಾ ಮುಖ ಬಿಟ್ಟು ಇಳಿಯೋದು ಕಮ್ಮಿ, ಹಾಗಾಗಿ ಇವರ ಅರ್ಧ ಅಭಿನಯ ಅಲ್ಲಿ ಕಾಣೋದೇ ಇಲ್ಲ.

ಮೊದಲು 'ಗುಲಾಬಿ ಟಾಕೀಸ್' ನೋಡಿ, ಆಮೇಲೆ 'ಪುಟ್ನಂಜ'. ಬೇಲೂರು ರಘುನಂದನ್ ಬರೆದ, ಉಮಾಶ್ರೀ ಒಬ್ಬರೇ ಅಭಿನಯಿಸುವ ಏಕವ್ಯಕ್ತಿ ನಾಟಕ 'ಶರ್ಮಿಷ್ಠೆ' ನಿಮ್ಮೂರಿಗೆ ಬಂದರೆ ಬಿಡಬೇಡಿ. ಎತ್ತರದ ವೇದಿಕೆಯಾದರೆ ಮೊದಲ ಸಾಲು ಬೇಡ, ನಾಲ್ಕೈದು ಸಾಲು ಹಿಂದೆ ಕೂತರೆ ಪಾದ ಕಾಣುತ್ತೆ.