ಬೋರ್ಡ್ ಸೀಟಿಗೆ ಯಾರೂ ಕರೀತಿಲ್ಲ ಅಂತೀರಲ್ಲ ಮೇಡಂ

ಪೀಣ್ಯದ ಒಂದು ಮೆಷಿನ್ ಪಾರ್ಟ್ಸ್ ಕಂಪನಿಯಲ್ಲಿ ಫೈನಾನ್ಸ್ ಹೆಡ್ ಆಗಿರೋ ಓದುಗರೊಬ್ಬರು ಪತ್ರ ಬರ್ದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. 24 ವರ್ಷದ ಸರ್ವಿಸ್, ಬ್ಯಾಂಕಿನೋರು ಆಡಿಟರ್‌ಗಳು ಎಲ್ಲಾ ಇವರ ಟೇಬಲ್ ಹತ್ರಾನೇ ಬರೋದು, ಆದ್ರೂ "ಯಾವ ಕಂಪನಿ ಬೋರ್ಡಿಗೂ, ಅಂದ್ರೆ ಡೈರೆಕ್ಟರ್ ಮಂಡಳಿಗೂ, ನನ್ನನ್ನ ಕರೀತಿಲ್ಲ, ಸೆಮಿನಾರ್‌ಗೆ ಹೋದ್ರೆ ನೆಟ್‌ವರ್ಕ್ ಮಾಡಿ ಅಂತಾರೆ, ಅಂದ್ರೆ ವಿಸಿಟಿಂಗ್ ಕಾರ್ಡ್ ಹಂಚ್ಕೊಂಡು ಓಡಾಡ್ಲಾ? ನಮ್ಮ ಎಂಡಿಗೆ ಹೇಳ್ಬೇಕಾ ಬೇಡ್ವಾ?" ಅಂತ ಕೇಳಿದ್ದಾರೆ. ಜೊತೆಗೆ ಆರು ಪುಟದ ಬಯೋಡೇಟಾ.

ಮೇಡಂ, ಆರು ಪುಟಾನೂ ಓದ್ದೆ, ಎರಡು ಲೋಟ ಕಾಫಿ ಆಯ್ತು. ಟ್ಯಾಲಿ ಬಿಟ್ಟು ಹೊಸ ಸಾಫ್ಟ್‌ವೇರ್‌ಗೆ ಹೋಗಿದ್ದು, ಜಿಎಸ್‌ಟಿ ಒಂದು ದಿನಾನೂ ಲೇಟ್ ಆಗ್ದಂಗೆ ನೋಡ್ಕೊಂಡಿದ್ದು, ಎಲ್ಲಾ ಇದೆ. ಐದನೇ ಪುಟದ ಕೆಳಗಡೆ ಒಂದೂವರೆ ಸಾಲು ಸಿಕ್ತು ನೋಡಿ: 2019ರಲ್ಲಿ ಎರಡನೇ ಯೂನಿಟ್‌ಗೆ ಸಾಲ ಬೇಡ ಅಂತ ನೀವು ಎಂಡಿ ಎದುರೇ ಹಟ ಹಿಡಿದಿದ್ದು, ಮುಂದಿನ ವರ್ಷ ಲಾಕ್‌ಡೌನಲ್ಲಿ ಅದೇ ಕಂಪನೀನ ಉಳ್ಸಿದ್ದು. ಅಯ್ಯೋ, ಇದನ್ನ ಹೋಗಿ ಹೋಗಿ ಅಲ್ಲಿ ಬಚ್ಚಿಟ್ಟಿದ್ದೀರಲ್ಲ! ಬೋರ್ಡಲ್ಲಿ ಕೂತೋರು ಕೆಲ್ಸ ಮಾಡಲ್ಲ, ಮಾಡೋಕೆ ಬೇರೆ ಜನ ಇದ್ದಾರೆ, ದುಡ್ಡು ಹಾಕಿರೋ ಮನುಷ್ಯನ ಮುಖ ನೋಡಿ ಬೇಡ ಸಾರ್ ಅನ್ನೋಕೆ ಒಬ್ರು ಬೇಕು, ಅಷ್ಟೇ. ಆ ಒಂದೂವರೆ ಸಾಲನ್ನ ಮೇಲಕ್ಕೆ ತನ್ನಿ, ಒಂದೇ ಪುಟ ಸಾಕು.

ಕಾನೂನೇನೋ ನಿಮ್ ಕಡೆ ಇದೆ. 2013ರ ಕಂಪನಿ ಕಾಯ್ದೆ ಬಂದ್ಮೇಲೆ ಲಿಸ್ಟೆಡ್ (ಷೇರು ಮಾರುಕಟ್ಟೇಲಿರೋ) ಕಂಪನಿಗಳಲ್ಲಿ, ಜೊತೆಗೆ 100 ಕೋಟಿ ಬಂಡವಾಳ ಇಲ್ಲಾ 300 ಕೋಟಿ ಟರ್ನೋವರ್ ಇರೋ ಪಬ್ಲಿಕ್ ಕಂಪನಿಗಳಲ್ಲಿ ಒಬ್ರಾದ್ರೂ ಮಹಿಳಾ ಡೈರೆಕ್ಟರ್ ಇರ್ಬೇಕು ಅಂತಾಯ್ತು, ಆಗ ಕಂಪನಿ ಕಟ್ಟಿ ನಡೆಸೋ ಎಷ್ಟೋ ಪ್ರಮೋಟರ್‌ಗಳು ಹೆಂಡ್ತೀನೋ ಮಗಳನ್ನೋ ಕೂರ್ಸಿ ಲೆಕ್ಕ ಭರ್ತಿ ಮಾಡ್ಕೊಂಡ್ರು (ಅವರಲ್ಲೂ ಚುರುಕಾದೋರು ಇದ್ರು, ಇಲ್ಲ ಅನ್ನಲ್ಲ). ಆಮೇಲೆ ಷೇರು ಮಾರುಕಟ್ಟೆ ನೋಡ್ಕೊಳ್ಳೋ ಸೆಬಿ, ಮನೆಯೋರು ನಡೆಯಲ್ಲ ಕಂಪನಿಗೂ ಪ್ರಮೋಟರಿಗೂ ಸಂಬಂಧ ಇಲ್ಲದ ಇಂಡಿಪೆಂಡೆಂಟ್ ಮಹಿಳಾ ಡೈರೆಕ್ಟರೇ ಬೇಕು ಅಂತು, ಮಾರ್ಕೆಟ್ ಕ್ಯಾಪ್ (ಎಲ್ಲಾ ಷೇರಿನ ಒಟ್ಟು ಬೆಲೆ) ಲೆಕ್ಕದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಮೊದಲ 1000ಕ್ಕೆ 2020ರ ಏಪ್ರಿಲ್‌ನಿಂದ.

ಸೀಟು ಎಲ್ಲಿ ಖಾಲಿ ಆಗುತ್ತೆ ಅನ್ನೋದು ಗುಟ್ಟೇನಲ್ಲ. ಇಂಡಿಪೆಂಡೆಂಟ್ ಡೈರೆಕ್ಟರ್‌ಗೆ ಒಂದು ಅವಧಿ ಹೆಚ್ಚಂದ್ರೆ 5 ವರ್ಷ, ಸತತ ಎರಡು ಅವಧಿ ಮುಗೀತು ಅಂದ್ರೆ ಎದ್ದು ಹೋಗ್ಲೇಬೇಕು. ಆನ್ಯುಯಲ್ ರಿಪೋರ್ಟ್ ತೆಗೀರಿ, ಯಾರು ಯಾವಾಗ ಬಂದ್ರು ಅಂತ ನೋಡಿ, ಬೆರಳಲ್ಲೇ ಎಣಿಸ್ಬೋದು. ಮೆಜೆಸ್ಟಿಕ್ ಬಸ್ಸಲ್ಲಿ ಯಾರು ಮುಂದಿನ ಸ್ಟಾಪಲ್ಲಿ ಇಳೀತಾರೆ ಅಂತ ಅಂದಾಜು ಮಾಡಿ ಅವ್ರ ಪಕ್ಕಾನೇ ನಿಂತ್ಕೋತೀವಲ್ಲ, ಹಂಗೆ. ಇನ್ನು ಐಪಿಒಗೆ, ಅಂದ್ರೆ ಮೊದಲ ಸಲ ಜನರಿಗೆ ಷೇರು ಮಾರೋಕೆ, ರೆಡಿ ಆಗ್ತಿರೋ ಕೋರಮಂಗಲ, ಎಚ್‌ಎಸ್‌ಆರ್ ಕಡೆ ಸ್ಟಾರ್ಟಪ್‌ಗಳು, ಅವ್ರಿಗೂ ಬೋರ್ಡ್ ಕಟ್ಬೇಕು, ಆಡಿಟ್ ಕಮಿಟಿಗೆ ಲೆಕ್ಕ ಗೊತ್ತಿರೋರು ಬೇಕು. ಈ ಸುದ್ದಿ ಮೊದ್ಲು ಯಾರಿಗೆ ಗೊತ್ತಾಗೋದು? ಕಂಪನಿ ಸೆಕ್ರೆಟರಿಗಳಿಗೆ, ಆಡಿಟ್ ಫರ್ಮ್ ಪಾರ್ಟ್ನರ್‌ಗಳಿಗೆ, ಬ್ಯಾಂಕಿನೋರಿಗೆ. ನಿಮ್ ಟೇಬಲ್ ಹತ್ರ ಬರೋ ಜನಾನೇ! ಅವ್ರಿಗೆ ಒಂದಿನಾನಾದ್ರೂ ಬಾಯ್ಬಿಟ್ಟು ಹೇಳಿದ್ದೀರಾ?

ಕಾಗದದ ಕೆಲ್ಸಾನೂ ಮುಗಿಸ್ಕೊಳಿ. ಇಂಡಿಪೆಂಡೆಂಟ್ ಡೈರೆಕ್ಟರ್ ಡೇಟಾಬ್ಯಾಂಕಲ್ಲಿ (ಆಗೋಕೆ ಅರ್ಹರಾದೋರ ಅಧಿಕೃತ ಪಟ್ಟಿ) ಹೆಸರು ನೋಂದಾಯಿಸಿ, ನಿಮ್ಮದು ಪ್ರೈವೇಟ್ ಲಿಮಿಟೆಡ್ ಆದ್ರಿಂದ ಅನುಭವದ ವಿನಾಯಿತಿ ಸಿಗಲ್ಲ, ಎರಡು ವರ್ಷದೊಳಗೆ ಆನ್‌ಲೈನ್ ಪರೀಕ್ಷೆ ಬರೀಬೇಕು, ಶೇ 50 ಬಂದ್ರೆ ಪಾಸು. ನಿಮ್ಗೆ ಅದು ಕಷ್ಟ ಆಗಲ್ಲ ಬಿಡಿ.

ನನ್ದೂ ಒಂದು ಕಥೆ ಇದೆ. ನಮ್ಮ ಬಡಾವಣೆಯ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾನೂ ಡೈರೆಕ್ಟರ್ ಆಗಿದ್ದೆ, ಮೊದಲ ಮೀಟಿಂಗಲ್ಲೇ ಅಧ್ಯಕ್ಷರು "ಮೇಡಂ, ಕಾಫಿ ತಿಂಡಿ ಏನು ತರ್ಸೋಣ?" ಅಂದ್ರು. ನಗ್ತಾನೇ ಪಟ್ಟಿ ಬರ್ಕೊಟ್ಟೆ, ಪೆದ್ದಿ ನಾನು. ಮೂರನೇ ಮೀಟಿಂಗಲ್ಲಿ ಸುಸ್ತಿ ಸಾಲದ ಪಟ್ಟಿ ಕೇಳ್ದೆ, ಅದರಲ್ಲಿ ಒಬ್ರೇ ಮನೇವ್ರ ಹೆಸರು ನಾಲ್ಕು ಸಲ ಇತ್ತು, ಇದೇನು ಅಂತ ಕೇಳಿ ಮಿನಿಟ್ಸಲ್ಲಿ ಬರ್ಸ್ದೆ. ಆಮೇಲೆ ಕಾಫಿ ವಿಷ್ಯ ನನ್ನ ಯಾರೂ ಕೇಳ್ಲಿಲ್ಲ. ಇಂಥ ಚಿಕ್ಕ ಕಡೆ ಒಂದೆರಡು ವರ್ಷ ಕೂತು ಬನ್ನಿ, ದೊಡ್ಡ ಟೇಬಲ್ಲಿನ ಅಭ್ಯಾಸ ಅಲ್ಲೇ ಆಗುತ್ತೆ.

ಕರೆ ಬಂದ ಖುಷೀಲಿ ಹ್ಞೂಂ ಅಂದ್ಬಿಡ್ಬೇಡಿ. ಮೀಟಿಂಗಲ್ಲಿ ಕೂತಿದ್ದಕ್ಕೆ ಕೊಡೋ ಸಿಟ್ಟಿಂಗ್ ಫೀಗೆ ಕಾನೂನಿನ ಮಿತಿ ಮೀಟಿಂಗಿಗೆ 1 ಲಕ್ಷ ರೂಪಾಯಿ, ಎಷ್ಟೋ ಕಡೆ ಅದರ ಹತ್ರಾನೂ ಬರಲ್ಲ, ಏನಾದ್ರೂ ಎಡವಟ್ಟಾದ್ರೆ ನೋಟಿಸ್ ಮಾತ್ರ ನಿಮ್ ಹೆಸರಿಗೂ ಬರುತ್ತೆ. ಮೂರು ವರ್ಷದ ಬ್ಯಾಲೆನ್ಸ್ ಶೀಟ್ ತರ್ಸಿ, ಪ್ರಮೋಟರ್ ಬಂಧುಗಳ ಕಂಪನಿ ಜೊತೆ ಏನೇನು ವ್ಯವಹಾರ ಇದೆ ಓದಿ, ಡೈರೆಕ್ಟರ್‌ಗಳಿಗೆ ಇನ್ಶೂರೆನ್ಸ್ ಇದ್ಯಾ ಕೇಳಿ. ಆಡಿಟರ್ ಮಧ್ಯದಲ್ಲೇ ಬಿಟ್ಟು ಹೋಗಿದ್ರೆ ನೀವು ಆ ಕಡೆ ತಲೆ ಹಾಕ್ಬೇಡಿ.

ಎಂಡಿಗೆ ಹೇಳ್ಲೇಬೇಕು, ಮೊದ್ಲೇ. ನಿಮ್ ಅಪಾಯಿಂಟ್‌ಮೆಂಟ್ ಲೆಟರಲ್ಲಿ ಬೇರೆ ಕಡೆ ಹುದ್ದೆ ತಗೋಬಾರ್ದು ಅಂತ ಒಂದು ಸಾಲು ಇದ್ದೇ ಇರುತ್ತೆ, ತೆಗೆದು ನೋಡಿ. ಆಡಿಟ್ ಸೀಸನ್ನಲ್ಲಿ ಮಾತ್ರ ಕೇಳ್ಬೇಡಿ, ಅದು ಮುಗಿದು ಅವ್ರು ಖುಷಿಯಾಗಿರೋ ಬೆಳಿಗ್ಗೆ ನೋಡ್ಕೊಳಿ.