ದೇವಶಾಸ್ತ್ರ ಓದದವರೂ ಸುವಾರ್ತೆ ಹೇಳಬಹುದಾ?

ನಾನು ದೇವಶಾಸ್ತ್ರ ಓದಿಲ್ಲ, ಸುವಾರ್ತೆ (ಯೇಸುವಿನ ಶುಭ ಸಂದೇಶ) ಹೇಳುವುದು ಪಾಸ್ಟರ್ ಕೆಲಸ ಅಲ್ವಾ ಅಂತ ಕೇಳಿದ್ದೀರಿ. ಅವರೊಬ್ಬರದೇ ಅಲ್ಲ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 8ನೇ ಅಧ್ಯಾಯ ನೋಡಿ. ಯೇಸುವಿನ ವಿಶ್ವಾಸಿಗಳಿಗೆ ಹಿಂಸೆ ಶುರುವಾದಾಗ ಅಪೊಸ್ತಲರು, ಅಂದರೆ ಯೇಸುವಿನ ಮುಖ್ಯ ಶಿಷ್ಯರು, ಯೆರೂಸಲೇಮಿನಲ್ಲೇ ಉಳಿದರು. ಚದರಿಹೋದ ವಿಶ್ವಾಸಿಗಳು ಹೋದಲ್ಲೆಲ್ಲ ಸುವಾರ್ತೆ ಸಾರಿದರು. 11ನೇ ಅಧ್ಯಾಯದಲ್ಲಿ, ಅಂತಿಯೋಕ್ಯದ ಗ್ರೀಕರಿಗೆ ಯೇಸುವಿನ ವಿಷಯ ಹೇಳಿದವರು ಕುಪ್ರ, ಕುರೇನೆ ಕಡೆಯ ಕೆಲವರು. ಅವರ ಹೆಸರು ಕೂಡ ಬರೆದಿಲ್ಲ! ಹೆಸರಾಂತ ಬೋಧಕರಾದ ಬಾರ್ನಬ, ಪೌಲ ಅಲ್ಲಿಗೆ ಬಂದದ್ದು ಆಮೇಲೆ. ಈ ಭಾಗ ಓದಿದಾಗೆಲ್ಲ ನನಗೆ ತುಂಬಾ ಧೈರ್ಯ ಬರುತ್ತದೆ.

ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿರಬೇಕಿಲ್ಲ. ಯೋಹಾನನ ಸುವಾರ್ತೆ 9ನೇ ಅಧ್ಯಾಯದಲ್ಲಿ ಯೇಸುವಿನಿಂದ ದೃಷ್ಟಿ ಪಡೆದವನು, ಕುರುಡನಾಗಿದ್ದೆ, ಈಗ ಕಾಣುತ್ತದೆ ಎಂದ. ಅವನಿಗೆ ಗೊತ್ತಿದ್ದದ್ದು ಅಷ್ಟೇ. ಆದರೆ ಬಲವಂತ ಬೇಡ, ಜಗಳವೂ ಬೇಡ. 1 ಪೇತ್ರ 3:15ರಂತೆ, ಕೇಳಿದವರಿಗೆ ನಿಮ್ಮ ನಿರೀಕ್ಷೆಯ ಕಾರಣವನ್ನು ಸೌಮ್ಯವಾಗಿ, ಗೌರವದಿಂದ ಹೇಳಿ. ಗೊತ್ತಿಲ್ಲದ್ದನ್ನು ಪಾಸ್ಟರ್ ಹತ್ತಿರ ಕೇಳಿ ಆಮೇಲೆ ತಿಳಿಸಬಹುದು.